ಆಡದೆ ಉಳಿದ ಮಾತು: ಮಾಸ್ತಿಯವರ ‘ಮೊಸರಿನ ಮಂಗಮ್ಮ’ ಕಥೆಯ ಒಂದು ವಿವೇಚನೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡಿಗರಿಲ್ಲ. ಆಡಿದ ಮಾತಿನಿಂದ ಸಂಸಾರ ಕೆಡುವುದೆಂದು ನಮ್ಮ ಹಿರಿಯರು ಬಗೆಬಗೆಯಾಗಿ ಎಚ್ಚರಿಸಿದ್ದಾರೆ. ಆ ಎಚ್ಚರಿಕೆ ಬೇಕಾದುದೇ ಸರಿ. ಆದರೆ ಆಡಬೇಕಾದವರೊಡನೆ ಆಡದೆ ಉಳಿದ ಮಾತಿನಿಂದ ಕೆಟ್ಟ ಮನೆಗಳೂ ಕಡಿಮೆಯಿಲ್ಲ. ಅಂತಹ ಮನೆಗಳಲ್ಲಿ ಕೂಗಾಟ ಕೇಳಿಸುವುದಿಲ್ಲವಾದ್ದರಿಂದ ನೆರೆಹೊರೆಗೆ ಅದು ತಿಳಿಯುವುದಿಲ್ಲ. ಒಲೆ ಎರಡಾದಾಗ, ಬಾಗಿಲು ಎರಡಾದಾಗ ಮಾತ್ರ ಊರು ಬೆರಗಾಗುತ್ತದೆ. ಈ ಸೂಕ್ಷ್ಮವನ್ನು ಕನ್ನಡದಲ್ಲಿ ಯಾವ ಉಪದೇಶದ ಗ್ರಂಥಕ್ಕಿಂತಲೂ ಸ್ಪಷ್ಟವಾಗಿ ತೋರಿಸಿದ ಒಂದು ಸಣ್ಣ ಕಥೆಯಿದೆ. ಅದು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಮೊಸರಿನ ಮಂಗಮ್ಮ’. ಶಾಲೆಯ ಪಠ್ಯಗಳಲ್ಲಿ ಅದನ್ನು ಓದಿದವರು ಅನೇಕರಿದ್ದಾರೆ. ಅತ್ತೆ-ಸೊಸೆಯರ ಜಗಳದ ಕಥೆಯೆಂದು ಓದಿ, ನಕ್ಕು, ಪರೀಕ್ಷೆಗೆ ಉತ್ತರ ಬರೆದು ಮರೆತವರೂ ಅಷ್ಟೇ ಮಂದಿ. ಅದನ್ನು ಇನ್ನೊಮ್ಮೆ ಓದಲು ಸಹೃದಯರನ್ನು ಪ್ರೇರಿಸುವುದು ಈ ಲೇಖನದ ಉದ್ದೇಶ.

ಮಾಸ್ತಿಯವರು 1891ರಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನಲ್ಲಿ ಜನಿಸಿದರು. ‘ಶ್ರೀನಿವಾಸ’ ಎಂಬ ಕಾವ್ಯನಾಮದಿಂದ ಬರೆದರು. 1920ರಲ್ಲಿ ಹೊರಬಂದ ‘ಕೆಲವು ಸಣ್ಣ ಕಥೆಗಳು’ ಎಂಬ ಅವರ ಸಂಕಲನದಿಂದ ಕನ್ನಡದ ಸಣ್ಣಕಥೆಗೆ ಒಂದು ಗಟ್ಟಿಯಾದ ನೆಲೆ ದೊರೆಯಿತು. ‘ಚಿಕವೀರ ರಾಜೇಂದ್ರ’ ಕಾದಂಬರಿಗಾಗಿ 1983ರ ಜ್ಞಾನಪೀಠ ಪ್ರಶಸ್ತಿಯನ್ನು ಪಡೆದು, 1986ರಲ್ಲಿ ತಮ್ಮ ಹುಟ್ಟುಹಬ್ಬದ ದಿನವೇ ಅವರು ತೀರಿಕೊಂಡರು. ಮೈಸೂರು ಸಂಸ್ಥಾನದ ಅಧಿಕಾರಿಯಾಗಿ ಊರೂರು ತಿರುಗಿದವರು ಅವರು. ಅರ್ಜಿ ಹಿಡಿದು ಬಂದವರ ಮಾತನ್ನೂ, ಆ ಮಾತಿನ ಹಿಂದೆ ಅವರು ಬಚ್ಚಿಟ್ಟುಕೊಂಡುದನ್ನೂ ಕೇಳಬಲ್ಲ ಕಿವಿ ಅವರಿಗೆ ಇದ್ದಿತೆಂಬುದಕ್ಕೆ ಅವರ ಕಥೆಗಳೇ ಸಾಕ್ಷಿ.

ಈ ಲೇಖಕನ ಹುಟ್ಟೂರು ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯ ಕಡೆ. ಮಾಲೂರು ತಾಲ್ಲೂಕಿನ ಎಲ್ಲೆ ಅಲ್ಲಿಗೆ ದೂರವಿಲ್ಲ. ಬೆಂಗಳೂರಿಗೆ ಹಾಲು, ಮೊಸರು, ಸೊಪ್ಪು, ತರಕಾರಿ ಹೊತ್ತು ಬದುಕಿದ ಸೀಮೆ ಅದು. ಆದ್ದರಿಂದ ಮಂಗಮ್ಮನಂತಹವರು ನಮಗೆ ಕಥೆಯ ಪಾತ್ರಗಳಾಗಿ ತೋರುವುದಿಲ್ಲ. ದೊಡ್ಡಮ್ಮನೋ, ಸೋದರತ್ತೆಯೋ ಆಗಿ ತೋರುತ್ತಾರೆ. ತಲೆಯ ಮೇಲೆ ಮೊಸರಿನ ಕುಕ್ಕೆ ಹೊತ್ತು ಪೇಟೆಯ ಮನೆಮನೆಗೆ ಹೋಗುವ ಕಾಲ ಮುಗಿದು ಬಹಳ ದಿನಗಳಾದವು. ಹಾಲು ಉತ್ಪಾದಕರ ಸಹಕಾರ ಸಂಘಗಳು ಬಂದ ಮೇಲೆ ಹಾಲು ಊರಿನ ಡೇರಿಯಲ್ಲೇ ಅಳತೆಯಾಗಿ ವಾಹನವೇರುತ್ತದೆ. ಆದರೆ ಮಂಗಮ್ಮ ಹೊತ್ತು ತಂದ ಇನ್ನೊಂದು ಭಾರ ಇನ್ನೂ ನಮ್ಮ ಮನೆಗಳಿಂದ ಇಳಿದಿಲ್ಲ.

ಕಥೆಯ ಸಾರವನ್ನು ಸಂಕ್ಷೇಪವಾಗಿ ನೆನೆಯೋಣ. ಬೆಂಗಳೂರಿನ ಒಬ್ಬ ಗೃಹಿಣಿ ಕಥೆಯನ್ನು ಹೇಳುತ್ತಾಳೆ. ಅವಳ ಮನೆಗೆ ಹತ್ತಿರದ ಹಳ್ಳಿಯಿಂದ ಮೊಸರು ತರುವವಳು ಮಂಗಮ್ಮ. ಮೊಸರು ಅಳೆದುಕೊಟ್ಟು, ಸ್ವಲ್ಪ ಹೊತ್ತು ಕುಳಿತು, ತನ್ನ ಸುಖದುಃಖವನ್ನು ಹೇಳಿಕೊಂಡು ಹೋಗುವುದು ಅವಳ ವಾಡಿಕೆ. ಗಂಡನ ಮನಸ್ಸು ಬೇರೆಡೆಗೆ ಹರಿದು ತಾನು ನೊಂದ ಕಾಲವನ್ನು ಅವಳು ಈಕೆಗೆ ಹೇಳಿದ್ದಾಳೆ. ಈಗ ಮನೆಯಲ್ಲಿ ಮಗ, ಸೊಸೆ ನಂಜಮ್ಮ, ಮೊಮ್ಮಗ ಇದ್ದಾರೆ. ಒಂದು ದಿನ ಸೊಸೆ ಮಗುವನ್ನು ಹೊಡೆಯುತ್ತಾಳೆ. ಅಜ್ಜಿ ತಡೆಯಲಾರದೆ ಸೊಸೆಯನ್ನು ಬೈಯುತ್ತಾಳೆ. ಸೊಸೆ ಎದುರಾಡುತ್ತಾಳೆ. ಮಗ ಹೆಂಡತಿಯ ಪಕ್ಷ ಹಿಡಿಯುತ್ತಾನೆ. ಮನೆಯ ಒಲೆ ಎರಡಾಗುತ್ತದೆ.

ಅಲ್ಲಿಂದ ಮುಂದಿನದು ಕಥೆಯ ತಿರುಳು. ಇದುವರೆಗೆ ಮಗನ ಸಂಸಾರಕ್ಕೆಂದು ಕೂಡಿಟ್ಟ ಹಣವನ್ನು ಮಂಗಮ್ಮ ತನಗಾಗಿ ಖರ್ಚುಮಾಡತೊಡಗುತ್ತಾಳೆ. ಒಂದು ಮಖಮಲ್ಲಿನ ರವಿಕೆಯನ್ನು ಹೊಲಿಸಿಕೊಳ್ಳುತ್ತಾಳೆ. ಮನೆಯಲ್ಲಿಯೂ ಊರಿನಲ್ಲಿಯೂ ಅದು ಹಾಸ್ಯದ ವಸ್ತುವಾಗುತ್ತದೆ. ಒಂಟಿ ಹೆಂಗಸಿನ ಕೈಯಲ್ಲಿ ಹಣವಿದೆಯೆಂದು ತಿಳಿದ ರಂಗಪ್ಪನೆಂಬ ಶೋಕಿಗಾರ ಸಾಲ ಕೇಳುವ ನೆಪದಲ್ಲಿ ಹತ್ತಿರ ಸುಳಿಯುತ್ತಾನೆ. ಮೊಮ್ಮಗನಿಗೆಂದು ತಂದ ಮಿಠಾಯಿಯ ಪೊಟ್ಟಣವನ್ನು ಕಾಗೆಯೊಂದು ಎಗರಿಸಿಕೊಂಡು ಹೋಗುತ್ತದೆ. ಕಾಗೆ ಮೈಗೆ ತಾಗಿತೆಂದು ಮುದುಕಿ ಸಾವಿನ ಶಕುನಕ್ಕೆ ಹೆದರುತ್ತಾಳೆ. ಕೊನೆಗೆ ಮೊಮ್ಮಗನೇ ಅಜ್ಜಿಯ ಬಳಿಗೆ ಬಂದು ನಿಲ್ಲುತ್ತಾನೆ. ಅವನ ನೆಪದಿಂದ ಒಲೆ ಮತ್ತೆ ಒಂದಾಗುತ್ತದೆ. ಮೊಸರು ಮಾರುವ ಕೆಲಸ ಬರಬರುತ್ತಾ ನಂಜಮ್ಮನ ಕೈಗೆ ಬರುತ್ತದೆ. ಆಗ ಅವಳು ಅದೇ ಗೃಹಿಣಿಯ ಮುಂದೆ ಕುಳಿತು ತನ್ನ ಪಕ್ಷವನ್ನು ಹೇಳಿಕೊಳ್ಳುತ್ತಾಳೆ.

ಈ ಕಡೆಯ ಅಂಶವನ್ನು ವಿಮರ್ಶಕರು ಕಥೆಯ ಸಮತೋಲನಕ್ಕೆ ನಿದರ್ಶನವೆಂದು ಹೊಗಳಬಹುದು. ಅತ್ತೆಯ ಮಾತು ಕೇಳಿ ಅತ್ತೆಯದೇ ಸರಿ ಎನ್ನುತ್ತಿದ್ದ ಓದುಗನಿಗೆ ಸೊಸೆಯ ಮಾತು ಕೇಳಿದಾಗ ಅವಳದೂ ಸರಿ ಎನ್ನಿಸುತ್ತದೆ. ಇದು ನಿಜ. ಆದರೆ ಈ ರಚನೆಯಲ್ಲಿ ಸಮತೋಲನಕ್ಕಿಂತ ಹೆಚ್ಚಿನದೊಂದು ಅಡಗಿದೆ. ಅತ್ತೆಯ ಅಳಲನ್ನು ಕೇಳಿದ್ದು ಬೆಂಗಳೂರಿನ ಒಂದು ಮನೆ. ಸೊಸೆಯ ಅಳಲನ್ನು ಕೇಳಿದ್ದೂ ಅದೇ ಮನೆ. ಒಂದೇ ಸೂರಿನಡಿ ಬಾಳಿದ ಆ ಇಬ್ಬರು ಮಾತ್ರ ಒಬ್ಬರ ಅಳಲನ್ನು ಇನ್ನೊಬ್ಬರು ಕೇಳಲಿಲ್ಲ. ಮೊಸರು ಕೊಳ್ಳುವ ಹೊರಗಿನವಳಿಗೆ ಇಬ್ಬರ ಹೃದಯವೂ ಗೊತ್ತು. ಹೃದಯದ ಒಡತಿಯರಿಗೆ ಪರಸ್ಪರ ಗೊತ್ತಿರುವುದು ಕೋಪವೊಂದೇ. ಮಾಸ್ತಿಯವರು ಇದನ್ನು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಕಥೆ ಹೇಳುವವಳನ್ನು ಹೊರಗಿನವಳನ್ನಾಗಿ ಆರಿಸಿಕೊಂಡದ್ದರಲ್ಲಿಯೇ ಇದನ್ನು ಇಟ್ಟುಬಿಟ್ಟಿದ್ದಾರೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಅತ್ತೆ ಸೊಸೆಯರು ಮಾತನಾಡಲಿಲ್ಲವೆಂದು ಹೇಗೆ ಹೇಳುವುದು? ಅವರು ಜಗಳವನ್ನೇ ಆಡಿದರಲ್ಲವೆ? ಆಡಿದರು, ನಿಜ. ಆದರೆ ಆ ಜಗಳದಲ್ಲಿ ಏನನ್ನು ಆಡಿದರೆಂಬುದನ್ನು ಗಮನಿಸಬೇಕು. ಸೊಸೆಯ ತಪ್ಪನ್ನು ಅತ್ತೆ ಹೇಳಿದಳು. ತನ್ನ ನೋವನ್ನು ಹೇಳಲಿಲ್ಲ. ಅವಳ ನೋವು ಮಗುವಿನ ಬೆನ್ನಿನ ಮೇಲಿನ ಏಟಿನದಷ್ಟೇ ಅಲ್ಲ. ಗಂಡನನ್ನು ಒಮ್ಮೆ ಕಳೆದುಕೊಂಡವಳು ಈಗ ಮಗನನ್ನೂ ಕಳೆದುಕೊಳ್ಳುತ್ತಿದ್ದೇನೆಂಬ ಭಯ ಅವಳದು. ಮಗುವೊಂದೇ ಉಳಿದ ಆಸರೆಯೆಂಬ ದೈನ್ಯ ಅವಳದು. ಸೊಸೆಯೂ ಅತ್ತೆಯ ಅಧಿಕಾರವನ್ನು ಹಳಿದಳು. ತನ್ನ ಕೊರಗನ್ನು ಹೇಳಲಿಲ್ಲ. ತಾನು ಹೆತ್ತ ಮಗುವಿಗೆ ಬುದ್ಧಿ ಹೇಳುವ ಹಕ್ಕೂ ತನಗಿಲ್ಲವಾದರೆ ಈ ಮನೆಯಲ್ಲಿ ತಾನು ಯಾರು ಎಂಬುದು ಅವಳ ಕೊರಗು. ದೂರು ಬೇರೆ, ಅಳಲು ಬೇರೆ. ದೂರು ಎದುರಿನವರ ತಪ್ಪನ್ನು ಎಣಿಸುತ್ತದೆ. ಅದನ್ನು ಕೇಳಿದವರು ಉತ್ತರವಾಗಿ ನಮ್ಮ ತಪ್ಪನ್ನು ಎಣಿಸುತ್ತಾರೆ. ಅಳಲು ತನ್ನೊಳಗನ್ನು ತೆರೆದು ತೋರಿಸುತ್ತದೆ. ಅದಕ್ಕೆ ಧೈರ್ಯ ಬೇಕು, ಏಕೆಂದರೆ ತೆರೆದದ್ದನ್ನು ಎದುರಿನವರು ತುಳಿಯಬಹುದು. ಆ ಧೈರ್ಯ ಸಾಲದೆ ನಾವು ದೂರಿನ ಮರೆಯಲ್ಲಿ ನಿಲ್ಲುತ್ತೇವೆ.

ಬಾಯಿ ಆಡದ ಮಾತು ಸುಮ್ಮನಿರುವುದಿಲ್ಲ. ಅದು ಬೇರೆ ದಾರಿಯನ್ನು ಹುಡುಕುತ್ತದೆ. ಈ ಕಥೆಯ ಒಂದೊಂದು ವಸ್ತುವೂ ಹಾಗೆ ದಾರಿ ಹುಡುಕಿದ ಮಾತೇ ಆಗಿದೆ. ಮಖಮಲ್ಲಿನ ರವಿಕೆಯನ್ನು ಮುದುಕಿಯ ಚಪಲವೆಂದು ಊರು ನಕ್ಕಿತು. ನನ್ನ ದುಡಿಮೆಯನ್ನೆಲ್ಲ ನಿಮಗೆ ಸುರಿದೆ, ನನ್ನನ್ನು ಕೇಳುವವರಿಲ್ಲ ಎಂಬ ಅಳಲು ಆ ರವಿಕೆಯಾಗಿ ಬಂದಿದೆ. ಆದರೆ ರವಿಕೆಗೆ ಭಾಷೆಯಿಲ್ಲ. ಅದನ್ನು ನೋಡಿದವರು ತಮಗೆ ತೋಚಿದ ಅರ್ಥವನ್ನು ಅದಕ್ಕೆ ಹಚ್ಚಿದರು. ಮಗ ಸೊಸೆಯರಿಗೆ ಅದು ಹಟವಾಗಿ ಕಂಡಿತು, ಊರಿಗೆ ನಗೆಪಾಟಲಾಗಿ ಕಂಡಿತು, ರಂಗಪ್ಪನಿಗೆ ಆಹ್ವಾನವಾಗಿ ಕಂಡಿತು. ಹೇಳಿದವಳ ಅರ್ಥ ಮಾತ್ರ ಯಾರಿಗೂ ತಲುಪಲಿಲ್ಲ. ಭಾವನೆಯನ್ನು ಮಾತಿನಲ್ಲಿ ಹೇಳದೆ ನಡತೆಯಲ್ಲಿ ಸೂಚಿಸಿ, ಅರ್ಥವಾಗಲಿಲ್ಲವೆಂದು ಕೊರಗುವವರಿಗೆಲ್ಲ ಈ ರವಿಕೆ ಒಂದು ಪಾಠ. ಇಂದು ಮನೆಯವರ ಮೇಲಿನ ಮುನಿಸನ್ನು ಮೊಬೈಲಿನ ಸ್ಟೇಟಸ್ಸಿನಲ್ಲಿ ಹಾಕಿ, ನೋಡಬೇಕಾದವರು ನೋಡಿದರೇ ಎಂದು ಮರಳಿ ಮರಳಿ ಪರೀಕ್ಷಿಸುವ ನಮ್ಮ ಮಕ್ಕಳು ಮೊಮ್ಮಕ್ಕಳು ಹೊಲಿಸಿಕೊಳ್ಳುತ್ತಿರುವುದೂ ಇದೇ ರವಿಕೆಯನ್ನೇ.

ಮಗುವಿನ ವಿಷಯ ಇದಕ್ಕಿಂತ ಗಂಭೀರವಾದುದು. ಅದು ಮೊದಲು ಏಟು ತಿಂದಿತು. ಆ ಏಟಿನಲ್ಲಿ ತಾಯಿಯ ಅಸಹಾಯಕತೆಯ ಪಾಲೂ ಇದ್ದಿರಬೇಕು. ಅನಂತರ ಅದೇ ಮಗು ಸಂಧಾನದ ದೂತನಾಯಿತು. ಮಗು ಅಜ್ಜಿಯ ಬಳಿಗೆ ಹೋದುದರ ಹಿಂದೆ ನಂಜಮ್ಮನ ಜಾಣ್ಮೆಯೂ ಇದ್ದಿತೆಂಬ ಸೂಚನೆ ಕಥೆಯಲ್ಲಿದೆ. ಅತ್ತೆಯ ಗಂಟು ಹೊರಗಿನವರ ಪಾಲಾದೀತೆಂಬ ಲೆಕ್ಕಾಚಾರ ಅಲ್ಲಿ ಇಲ್ಲದೆ ಇಲ್ಲ. ಫಲ ಒಳ್ಳೆಯದಾಯಿತು, ಮನೆ ಒಂದಾಯಿತು. ಆದರೆ ಎರಡು ದೊಡ್ಡ ಜೀವಗಳು ಆಡಬೇಕಾದ ಮಾತನ್ನು ಒಂದು ಎಳೆಯ ಜೀವದ ಹೆಗಲ ಮೇಲೆ ಹೊರಿಸಿದರೆಂಬುದನ್ನು ನಾವು ಮರೆಯಬಾರದು. ನಿಮ್ಮಪ್ಪನಿಗೆ ಹೋಗಿ ಹೇಳು, ನಿಮ್ಮಮ್ಮನನ್ನು ಹೋಗಿ ಕೇಳು ಎಂದು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಓಡಾಡಿದ ಮಕ್ಕಳು ಬೆಳೆದ ಮೇಲೆ ತಮ್ಮ ಮಾತನ್ನು ತಾವು ಆಡಲು ಕಲಿಯುವುದು ಎಷ್ಟು ಕಷ್ಟವೆಂಬುದನ್ನು ಉಪಾಧ್ಯಾಯ ವೃತ್ತಿಯಲ್ಲಿ ನಾನು ಕಂಡಿದ್ದೇನೆ.

ಇಷ್ಟು ಹೇಳಿದ ಮೇಲೆ ಕಥೆಯಲ್ಲಿ ನನಗೆ ಒಪ್ಪಿಗೆಯಾಗದ ಒಂದಂಶವನ್ನೂ ಹೇಳಬೇಕು. ತಾಯಿಗೂ ಹೆಂಡತಿಗೂ ನಡುವೆ ಗಂಡಸಿನ ಮೇಲಿನ ಹಕ್ಕಿಗಾಗಿ ನಡೆಯುವ ಹೋರಾಟ ಇದು, ಎಲ್ಲ ಮನೆಗಳಲ್ಲಿಯೂ ಇರುವುದೇ ಎಂಬ ಧಾಟಿಯಲ್ಲಿ ಗೃಹಿಣಿ ಕಥೆಯನ್ನು ಮುಗಿಸುತ್ತಾಳೆ. ಅದರಲ್ಲಿ ಲೋಕಾನುಭವವಿದೆ, ತಿಳಿಹಾಸ್ಯವಿದೆ. ಆದರೆ ಆ ಗಂಡಸು ಎಲ್ಲಿ? ತಾಯಿಯ ಭಯವನ್ನೂ ಹೆಂಡತಿಯ ಕೊರಗನ್ನೂ ಬಲ್ಲ ಸ್ಥಾನದಲ್ಲಿ ನಿಂತವನು ಅವನೊಬ್ಬನೇ. ಅವನು ಹೆಂಡತಿಯ ಕಡೆಗೆ ಒಂದೆರಡು ಮಾತನಾಡಿ ಹಿಂದೆ ಸರಿದುಬಿಡುತ್ತಾನೆ. ಒಲೆ ಎರಡಾದಾಗ ಅವನಿಗೆ ಏನನ್ನಿಸಿತೆಂಬುದು ಮನೆಯವರಿಗೂ ತಿಳಿಯಲಿಲ್ಲ, ನಮಗೂ ತಿಳಿಯುವುದಿಲ್ಲ. ಹೆಂಗಸರ ಜಗಳಕ್ಕೆ ನಾವೇಕೆ ಬಾಯಿಹಾಕಬೇಕೆಂಬ ಗಂಡಸಿನ ಮೌನವನ್ನು ನಮ್ಮ ಸಮಾಜ ಗಾಂಭೀರ್ಯವೆಂದು ಕರೆಯುತ್ತ ಬಂದಿದೆ. ಮಾಸ್ತಿಯವರೂ ಅದನ್ನು ಪ್ರಶ್ನಿಸಿಲ್ಲ. ಅವರು ಕಂಡ ಲೋಕದ ನಿಜ ಅದು ಎನ್ನಬಹುದು. ನಿಜವಾದುದರಿಂದಲೇ ಓದುಗನಾದರೂ ಅದನ್ನು ಪ್ರಶ್ನಿಸಬೇಕಾಗಿದೆ. ಆ ಮೌನ ಗಾಂಭೀರ್ಯವಲ್ಲ. ತನ್ನ ಪಾಲಿನ ಮಾತನ್ನು ಇಬ್ಬರು ಹೆಂಗಸರು ಹೊರಲೆಂದು ಬಿಟ್ಟ ಸೋಮಾರಿತನ.

ಮಂಗಮ್ಮನ ಮನೆಯಲ್ಲಿ ಮಗುವಾದರೂ ಇದ್ದಿತು, ಕಥೆ ಸುಖವಾಗಿ ಮುಗಿಯಿತು. ಹಾಗೆ ಮುಗಿಯದ ಕಥೆಗಳೂ ಕನ್ನಡದಲ್ಲಿವೆ. 1928ರಲ್ಲಿ ಹುಟ್ಟಿ 1963ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ತ್ರಿವೇಣಿಯವರ ‘ಶರಪಂಜರ’ವನ್ನು ಇಲ್ಲಿ ನೆನೆಯಬಹುದು. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಚಲನಚಿತ್ರವಾಗಿಸಿದ ಮೇಲೆ ಅದು ಮನೆಮನೆಯ ಮಾತಾಯಿತು. ಬಾಣಂತಿತನದಲ್ಲಿ ಮನಸ್ಸು ಕೆಟ್ಟು, ಚಿಕಿತ್ಸೆಯಿಂದ ಗುಣವಾಗಿ ಮನೆಗೆ ಮರಳಿದ ಕಾವೇರಿಯನ್ನು ಎದುರುಗೊಳ್ಳುವುದು ಬೈಗುಳವಲ್ಲ, ಸಂಶಯದ ನೋಟ. ನಮಗೆ ನಿನ್ನನ್ನು ಕಂಡರೆ ಭಯವಾಗುತ್ತದೆ ಎಂದು ಯಾರೊಬ್ಬರೂ ನೇರವಾಗಿ ಹೇಳುವುದಿಲ್ಲ. ಹೇಳಿದ್ದರೆ ಅವಳು ಸಮಾಧಾನ ಹೇಳಬಹುದಿತ್ತು, ಅಳಬಹುದಿತ್ತು, ವಾದಿಸಬಹುದಿತ್ತು. ನೋಟದೊಡನೆ ಯಾರು ವಾದಿಸಬಲ್ಲರು? ಗಂಡನ ಮನಸ್ಸು ತನ್ನಿಂದ ದೂರವಾದುದನ್ನೂ ಅವಳು ತಾನಾಗಿಯೇ ಕಂಡುಕೊಳ್ಳಬೇಕಾಗುತ್ತದೆ. ಗುಣವಾಗಿದ್ದ ಮನಸ್ಸು ಮತ್ತೆ ಒಡೆಯುತ್ತದೆ. ಮಾಸ್ತಿಯವರ ಕಥೆಯಲ್ಲಿ ಆಡದ ಮಾತು ಒಲೆಯನ್ನು ಒಡೆಯಿತು. ತ್ರಿವೇಣಿಯವರ ಕಥೆಯಲ್ಲಿ ಅದು ಒಂದು ಜೀವವನ್ನೇ ಒಡೆಯಿತು.

ನೇರವಾದ ಮಾತಿನ ಮಾದರಿಗಾಗಿ ನಾವು ದೂರ ಹೋಗಬೇಕಾಗಿಲ್ಲ. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮ ಮಾರಯ್ಯ ದಂಪತಿಗಳ ಪ್ರಸಂಗ ಓದುಗರೆಲ್ಲರಿಗೂ ತಿಳಿದುದೇ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದಳು. ಈ ಪ್ರಸಂಗವನ್ನು ಕಾಯಕದ ನಿರಾಶೆಗೆ ನಿದರ್ಶನವಾಗಿ ನಾವು ಹೇಳುತ್ತ ಬಂದಿದ್ದೇವೆ. ಅದು ದಾಂಪತ್ಯದ ಮಾತಿಗೂ ನಿದರ್ಶನ. ಲಕ್ಕಮ್ಮ ತನ್ನ ಅಸಮಾಧಾನವನ್ನು ನೆರೆಮನೆಯವಳಿಗೆ ಹೇಳಲಿಲ್ಲ; ಮುಖ ಗಂಟಿಕ್ಕಿ ಕುಳಿತು ಗಂಡನೇ ಊಹಿಸಲಿ ಎನ್ನಲಿಲ್ಲ; ಮನಸ್ಸಿನಲ್ಲಿಟ್ಟು ಇನ್ನೊಂದು ದಿನದ ಜಗಳಕ್ಕೆ ಕೂಡಿಹಾಕಲಿಲ್ಲ. ಆ ದಿನವೇ, ಅವನಿಗೇ ಹೇಳಿದಳು. ಅವನೂ ಹೆಂಡತಿಯ ಮಾತೆಂದು ಅವಮಾನಪಡದೆ ಕೇಳಿದ. ಹೇಳುವವಳ ಹೊಣೆ ಎಷ್ಟೋ ಕೇಳುವವನ ಹೊಣೆಯೂ ಅಷ್ಟೆ. ‘ವಚನ’ವೆಂಬ ಪದಕ್ಕೆ ಮಾತು ಎಂಬ ಅರ್ಥವೂ ಇದೆ, ಕೊಟ್ಟ ಭಾಷೆ ಎಂಬ ಅರ್ಥವೂ ಇದೆ. ಆಡಿದ ಮಾತಿಗೆ ಆಡಿದವನೇ ಹೊಣೆಯೆಂಬ ತಿಳಿವಳಿಕೆ ಆ ಪದದಲ್ಲಿಯೇ ಅಡಗಿದೆ. ಆಡದೆ ಉಳಿಸಿಕೊಂಡ ಮಾತಿಗೂ ಆ ಹೊಣೆ ತಪ್ಪದು ಎಂದು ಸೇರಿಸಿಕೊಂಡರೆ ಸಾಕು.

ಇಲ್ಲಿ ಒಂದು ಎಚ್ಚರ ಅಗತ್ಯ. ಎಲ್ಲರಿಗೂ ಮಾತನಾಡುವ ಅವಕಾಶ ಸಮನಾಗಿರುವುದಿಲ್ಲ. ಹೊಸದಾಗಿ ಮನೆಗೆ ಬಂದ ಸೊಸೆ, ಇನ್ನೊಬ್ಬರ ಅನ್ನದಲ್ಲಿರುವ ವೃದ್ಧೆ, ಹೊಡೆಯುವ ಗಂಡನ ಎದುರು ನಿಂತ ಹೆಂಡತಿ, ಇವರಿಗೆ ನಿನ್ನ ಮನಸ್ಸನ್ನು ನೀನೇ ಹೇಳಬೇಕಿತ್ತು ಎಂದು ಉಪದೇಶಿಸುವುದು ಕ್ರೌರ್ಯವಾದೀತು. ಅಂತಹ ಮನೆಗಳಲ್ಲಿ ಮೊದಲು ಬಾಯಿ ತೆರೆಯಬೇಕಾದವರು ಅಧಿಕಾರವುಳ್ಳವರು. ಅವರು ನಿನಗೇನನ್ನಿಸಿತು ಎಂದು ಕೇಳಬೇಕು. ಉತ್ತರ ಕಹಿಯಾದರೂ ಕೇಳಿಸಿಕೊಳ್ಳಬೇಕು. ಮಂಗಮ್ಮನ ಕೈಯಲ್ಲಿ ದುಡಿಮೆಯಿತ್ತು, ಗಂಟಿತ್ತು, ಹಿರಿತನವಿತ್ತು. ಆದುದರಿಂದ ಮೊದಲ ಮಾತು ಅವಳದಾಗಬೇಕಿತ್ತೆಂದು ನನಗೆ ತೋರುತ್ತದೆ.

ಹೀಗೆ ಮಂಗಮ್ಮನ ತಪ್ಪನ್ನು ಎತ್ತಿ ತೋರಿಸುವ ಅರ್ಹತೆ ನನಗಿದೆಯೇ ಎಂದು ಓದುಗರು ಕೇಳಬಹುದು. ಇಲ್ಲವೆಂದೇ ಒಪ್ಪಿಕೊಳ್ಳುತ್ತೇನೆ. ನಮ್ಮ ಹೊಲದ ಬದುವಿನಲ್ಲಿ ತಂದೆಯ ಕಾಲದ ಒಂದು ಹುಣಿಸೆಮರವಿತ್ತು. ನಾನು ಪರಸ್ಥಳದಲ್ಲಿ ನೌಕರಿಯಲ್ಲಿದ್ದಾಗ ನನ್ನ ಅಣ್ಣ ಅದನ್ನು ಕಡಿಸಿ ಮಾರಿದ. ಊರಿಗೆ ಬಂದಾಗ ಬರಿಯ ಬೊಡ್ಡೆಯನ್ನು ಕಂಡೆ. ಒಂದು ಮಾತು ಕೇಳಲಿಲ್ಲವಲ್ಲ ಎಂದು ನೊಂದೆ. ಆ ನೋವನ್ನು ನನ್ನ ಹೆಂಡತಿಗೆ ಹೇಳಿದೆ, ಸಹೋದ್ಯೋಗಿಗಳಿಗೆ ಹೇಳಿದೆ, ಮದುವೆಮನೆಗಳಲ್ಲಿ ಸಿಕ್ಕ ನೆಂಟರಿಗೆಲ್ಲ ಹೇಳಿದೆ. ಅಣ್ಣನಿಗೆ ಮಾತ್ರ ಹೇಳಲಿಲ್ಲ. ಹಬ್ಬಕ್ಕೆ ಹೋಗುವುದನ್ನು ಬಿಟ್ಟೆ. ಅವನಿಗೆ ಅರ್ಥವಾಗಲಿ ಎಂದುಕೊಂಡೆ. ನೌಕರಿ ದೊಡ್ಡದಾಯಿತೆಂದು ತಮ್ಮ ಊರನ್ನು ಮರೆತ ಎಂದು ಅವನು ಅರ್ಥಮಾಡಿಕೊಂಡ. ಏಳು ವರ್ಷಗಳ ಮೇಲೆ ಅತ್ತಿಗೆಯ ಕಾಯಿಲೆಯ ಸುದ್ದಿ ಕೇಳಿ ಹೋದವನು, ಜಗಲಿಯ ಮೇಲೆ ಕುಳಿತು, ಹೇಗೋ ಬಾಯಿಬಿಟ್ಟೆ. ಮರ ಹೋದುದಕ್ಕಲ್ಲ ಅಣ್ಣಾ, ನನ್ನನ್ನು ಕೇಳಲಿಲ್ಲವೆಂದು ಸಂಕಟವಾಯಿತು ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದು, ಆಗ ಕೈಯಲ್ಲಿ ಕಾಸಿರಲಿಲ್ಲ, ನಿನ್ನನ್ನು ಕೇಳಲು ನಾಚಿಕೆಯಾಯಿತು ಕಣಪ್ಪಾ ಎಂದ. ಅವನ ನಾಚಿಕೆಯೂ ನನ್ನ ಸಂಕಟವೂ ಏಳು ವರ್ಷ ಒಂದೊಂದು ಊರಿನಲ್ಲಿ ಕುಳಿತಿದ್ದವು. ಎಲ್ಲ ಸರಿಹೋಯಿತೆಂದು ಹೇಳಲಾರೆ. ಆ ಏಳು ವರ್ಷಗಳಲ್ಲಿ ಅವನ ಮಗಳ ಮದುವೆಯೂ ನಡೆದುಹೋಗಿತ್ತು, ನಾನು ಹೋಗಿರಲಿಲ್ಲ. ಆದರೆ ಈಗ ಏನಾದರೂ ಮನಸ್ಸಿಗೆ ಹತ್ತಿದರೆ ಅವನಿಗೇ ಫೋನು ಮಾಡುತ್ತೇನೆ.

ಈ ಅನುಭವದ ಅನಂತರ ‘ಮೊಸರಿನ ಮಂಗಮ್ಮ’ವನ್ನು ಮತ್ತೆ ಓದಿದಾಗ ನನಗೆ ಕಥೆ ಹೊಸದಾಯಿತು. ಮೊದಲು ಅತ್ತೆ-ಸೊಸೆಯರನ್ನು ನೋಡಿ ನಗುತ್ತಿದ್ದೆ. ಈಗ ಮೊಸರು ಅಳೆದುಕೊಟ್ಟು ಹೊರಗಿನವರ ಮನೆಯಲ್ಲಿ ಮನಸ್ಸು ಬಿಚ್ಚುವ ಆ ಹೆಂಗಸಿನಲ್ಲಿ ನನ್ನನ್ನೇ ಕಂಡೆ. ಶ್ರೇಷ್ಠ ಕಥೆಗಾರರ ಕೆಲಸ ಇಷ್ಟೇ. ಹೀಗೆ ಮಾಡಿರಿ ಎಂದು ಅವರು ಹೇಳುವುದಿಲ್ಲ. ನಾವು ಮಾಡಿದುದನ್ನು ಇನ್ನೊಬ್ಬರ ಮನೆಯಲ್ಲಿ ನಡೆದಂತೆ ತೋರಿಸಿ ನಮ್ಮಷ್ಟಕ್ಕೆ ನಮ್ಮನ್ನು ಬಿಡುತ್ತಾರೆ.

ನಮ್ಮ ಮನಸ್ಸಿನಲ್ಲಿ ಹುಟ್ಟಿದ ಭಾವನೆ ನಮ್ಮದು. ಅದನ್ನು ಸೇರಬೇಕಾದವರ ಬಳಿಗೆ, ಕೆಡಿಸದೆ, ಕಹಿ ಬೆರಸದೆ ತಲುಪಿಸುವ ಹೊಣೆಯೂ ನಮ್ಮದೇ. ಮೊಸರನ್ನು ಹೊತ್ತವಳು ಕುಕ್ಕೆಯನ್ನು ಎಲ್ಲಿ ಇಳಿಸಬೇಕೆಂದು ಬಲ್ಲಳು. ಬೇರೆಯವರ ಜಗಲಿಯಲ್ಲಿ ಇಳಿಸಿ, ಕೊಂಡವರು ತಾವಾಗಿ ಬಂದು ಹುಡುಕಲಿ ಎನ್ನುವುದಿಲ್ಲ. ಮಂಗಮ್ಮ ದಿನವೂ ಅಷ್ಟು ದೂರ ನಡೆದು ಮೊಸರನ್ನು ಸರಿಯಾದ ಬಾಗಿಲಿಗೆ ಮುಟ್ಟಿಸಿದಳು. ಮನಸ್ಸಿನ ಮಾತನ್ನು ಮುಟ್ಟಿಸಬೇಕಾಗಿದ್ದ ಬಾಗಿಲು ಅವಳ ಮನೆಯೊಳಗೇ ಇತ್ತು.